ಅಂಗಡಿಯ ಹಳೇ ಕಂಪ್ಯೂಟರಿನ ವಿಂಡೋಸನ್ನು ಎಸ್‌ಎಸ್‌ಡಿಗೆ ಸಾಗಿಸಿದ್ದು

ನಮ್ಮದು ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ಕು ಮಾಡಿಕೊಡುವ ಡಿಟಿಪಿ ಅಂಗಡಿ. ಇರುವುದು ಅಸೆಂಬಲ್ ಮಾಡಿಸಿದ ಹಳೇ ಮೆಷಿನ್: ಮೂರನೇ ತಲೆಮಾರಿನ ಐ3, ಎಚ್61 ಮದರ್‌ಬೋರ್ಡ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಸ್ವಿಚ್ ಹಾಕಿ, ಕಸ ಗುಡಿಸಿ, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ ಬಂದರೂ ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶ ತೆರೆದಿರುತ್ತಿರಲಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ ಆರಾಮಾಗಿ ಕೂತಿದೆ, ಡಿಸ್ಕ್ ಮಾತ್ರ ನೂರಕ್ಕೆ ನೂರು. ಅಷ್ಟು ಒದ್ದಾಡಿಯೂ ಓದುತ್ತಿದ್ದುದು ಸೆಕೆಂಡಿಗೆ ಒಂದೆರಡು ಎಂಬಿ.

ಕಾರಣ ಸರಳ. ನಿಮಿಷಕ್ಕೆ 7200 ಸಲ ತಿರುಗುವ ತಟ್ಟೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಅದರ ಮೇಲೆ ಓದುವ ತಲೆ ಅತ್ತಿತ್ತ ಓಡಾಡಬೇಕು. ಹಾಗಾಗಿ ಚದುರಿದ ಸಣ್ಣ ಫೈಲುಗಳನ್ನು ಕೇಳಿದರೆ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಮಾತ್ರ ಉತ್ತರ ಕೊಡಬಲ್ಲದು. ವಿಂಡೋಸ್ ಶುರುವಾಗುವಾಗ ಕೇಳುವುದೆಲ್ಲ ಇಂಥ ಸಣ್ಣ ಫೈಲುಗಳೇ. ಪಂಕ್ತಿಯಲ್ಲಿ ಒಂದೊಂದೇ ಅಗುಳು ಬಡಿಸಿಕೊಂಡು ಹೋದ ಹಾಗೆ. ಎಸ್‌ಎಸ್‌ಡಿ ಅಂದರೆ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕು, ಅದರಲ್ಲಿ ತಿರುಗುವುದೂ ಇಲ್ಲ, ಓಡಾಡುವುದೂ ಇಲ್ಲ. ಎಚ್61 ಬೋರ್ಡಿನಲ್ಲಿ ಡಿಸ್ಕಿನ ಕೇಬಲ್ ಸಿಕ್ಕಿಸುವ ಸಾಟಾ ಪೋರ್ಟುಗಳು ಸೆಕೆಂಡಿಗೆ 3 ಗಿಗಾಬಿಟ್‌ನವು, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ ಎಂದು ಹೆದರಿಸುವವರಿದ್ದಾರೆ. ನಿಜ, ದೊಡ್ಡ ಫೈಲು ಎಳೆಯುವಾಗ ಅರ್ಧ ವೇಗ ಹೋಯಿತು. ನಮಗೆ ಬೇಕಾದದ್ದು ಅದಲ್ಲವಲ್ಲ.

240 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಂದೆ. ವಿಂಡೋಸ್ ಅದನ್ನು 223 ಜಿಬಿ ಎಂದು ತೋರಿಸುತ್ತದೆ, ಎಣಿಕೆಯ ಕ್ರಮ ಬೇರೆ ಅಷ್ಟೆ, ಮೋಸವೇನಿಲ್ಲ. "ಹೊಸದಾಗಿ ವಿಂಡೋಸ್ ಹಾಕಿಬಿಡಿ ಸಾರ್, ಒಂದು ಗಂಟೆ ಕೆಲಸ" ಎಂದ ಅಂಗಡಿಯ ಹುಡುಗ. ವಿಂಡೋಸ್ ಹಾಕುವುದು ಒಂದು ಗಂಟೆಯೇ. ಆಮೇಲೆ ಹಳೇ ನುಡಿ ಫಾಂಟುಗಳು, ಕೀಲಿಮಣೆಯ ಸೆಟ್ಟಿಂಗು, ಪೇಜ್‌ಮೇಕರ್, ಸಿಡಿ ಎಲ್ಲಿ ಹೋಯಿತೋ ಗೊತ್ತಿಲ್ಲದ ಲೇಸರ್ ಪ್ರಿಂಟರಿನ ಡ್ರೈವರ್? ಯೂನಿಕೋಡ್ ಅಲ್ಲದ ಹಳೇ ನುಡಿ ಫೈಲುಗಳಲ್ಲಿ ಕನ್ನಡ ಅಕ್ಷರ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಅದೇ ಫಾಂಟು ಇಲ್ಲದಿದ್ದರೆ ವರ್ಷಗಟ್ಟಲೆಯ ಕೆಲಸ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತದೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೇ ಎತ್ತಿಕೊಂಡು ಹೋಗುವುದೇ ಸರಿ ಅನ್ನಿಸಿತು.

ಮೊದಲು ಹಳೇ ಡಿಸ್ಕಿನ ಆರೋಗ್ಯ. ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ರೀಅಲೊಕೇಟೆಡ್ (ಕೆಟ್ಟು ಬದಲಿ ಜಾಗ ಪಡೆದ) ಮತ್ತು ಪೆಂಡಿಂಗ್ (ಓದಲು ಕಷ್ಟವಾಗಿ ಅನುಮಾನದಲ್ಲಿರುವ) ಸೆಕ್ಟರುಗಳ ಸಾಲು ಎರಡೂ ಸೊನ್ನೆ ಇದ್ದವು. ಪೆಂಡಿಂಗ್ ಸಾಲಿನಲ್ಲಿ ಸಂಖ್ಯೆ ಕಂಡರೆ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ನಕಲು ಮಧ್ಯದಲ್ಲಿ ನಿಲ್ಲಬಹುದು. ಆಗ ಫೈಲುಗಳನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ. ಡಿ ಡ್ರೈವಿನ ಕೆಲಸದ ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟೆ.

ಆಮೇಲೆ ಬಯೋಸ್, ಅಂದರೆ ವಿಂಡೋಸಿಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗು. ಅಸೆಂಬಲ್ ಮಾಡಿದವರು ಸಾಟಾ ಮೋಡನ್ನು (ಡಿಸ್ಕಿನೊಡನೆ ಮಾತಾಡುವ ರೀತಿ) ಹಳೇ ಐಡಿಇ ಎಂದು ಬಿಟ್ಟಿದ್ದರು. ಎಸ್‌ಎಸ್‌ಡಿಗೆ ಹೊಸ ರೀತಿಯಾದ ಎಎಚ್‌ಸಿಐ ಇದ್ದರೆ ಒಳ್ಳೆಯದು, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ಬೂಟ್ ಡಿಸ್ಕ್ ಸಿಗಲಿಲ್ಲ ಎಂದು ನೀಲಿ ಪರದೆ ತೋರಿಸಿ ನಿಲ್ಲಬಹುದು. ಉಪಾಯ ಹೀಗಿದೆ: ವಿಂಡೋಸಿನದೇ ಸಾಧನವಾದ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ (ಅಗತ್ಯದ ಡ್ರೈವರುಗಳಷ್ಟರಲ್ಲೇ ಏಳುವುದು) ಗುರುತು ಹಾಕಿ ರೀಸ್ಟಾರ್ಟ್ ಕೊಟ್ಟು, ಹಾಗೇ ಬಯೋಸಿಗೆ ಹೋಗಿ ಎಎಚ್‌ಸಿಐ ಮಾಡಬೇಕು. ಸೇಫ್ ಮೋಡಿನಲ್ಲಿ ಒಮ್ಮೆ ಏಳುವಾಗ ವಿಂಡೋಸ್ ಬೇಕಾದ ಡ್ರೈವರನ್ನು ತಾನೇ ಹಿಡಿದುಕೊಳ್ಳುತ್ತದೆ. ಮತ್ತೆ ಸೇಫ್ ಬೂಟ್ ಗುರುತು ತೆಗೆದರಾಯಿತು. ಇದನ್ನು ಹಳೇ ಡಿಸ್ಕಿನಲ್ಲೇ ಮುಗಿಸಿಕೊಂಡೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ತೊಂದರೆ ಬಂದದ್ದು ಯಾವುದರಿಂದ ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಫಾಸ್ಟ್ ಸ್ಟಾರ್ಟಪ್ಪನ್ನೂ ಆರಿಸಬೇಕು. ಅದು ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಲಿನಕ್ಸ್ ಸಾಧನಗಳು ಆ ಪಾರ್ಟಿಷನ್ನನ್ನು ಮುಟ್ಟಲು ಒಪ್ಪುವುದಿಲ್ಲ. ಅದಕ್ಕೆ ಆಧಾರವಾದ ಹೈಬರ್ನೇಶನ್ನನ್ನೇ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಮಲಗುವುದು) ತೆಗೆದುಹಾಕಿದೆ, ಹಲವು ಜಿಬಿ ಜಾಗವೂ ಉಳಿಯಿತು.

ಸಾಗಿಸುವ ಕೆಲಸಕ್ಕೆ, ಪಾರ್ಟಿಷನ್ ನಕಲು ಮಾಡಬಲ್ಲ ಲಿನಕ್ಸ್ ಸಾಧನವಾದ ಜಿಪಾರ್ಟೆಡ್ ಲೈವ್ ಪೆನ್‌ಡ್ರೈವ್ ಬಳಸಿದೆ. ಸಿ ಡ್ರೈವ್ ಒಂದೇ ಸಾಲದು ಎಂಬುದು ಇಲ್ಲಿ ಮುಖ್ಯ. ಹಳೇ ಬಯೋಸ್ ರೀತಿಯಲ್ಲಿ ವಿಂಡೋಸ್ ಹಾಕಿದ್ದರೆ, ಅದಕ್ಕೂ ಮೊದಲು ಸಿಸ್ಟಮ್ ರಿಸರ್ವ್ಡ್ ಎಂಬ ಪುಟ್ಟ ಪಾರ್ಟಿಷನ್ ಇರುತ್ತದೆ, ಬೂಟ್ ಫೈಲುಗಳು ಇರುವುದು ಅದರಲ್ಲಿ. ಎಸ್‌ಎಸ್‌ಡಿಯಲ್ಲಿ ಎಂಎಸ್‌ಡಾಸ್ ಎಂಬ ಹಳೇ ಬಗೆಯ ಪಾರ್ಟಿಷನ್ ಟೇಬಲ್ (ಪಾರ್ಟಿಷನ್ನುಗಳ ಪಟ್ಟಿ) ಮಾಡಿ, ಎರಡನ್ನೂ ಒಂದಾದ ಮೇಲೊಂದು ನಕಲು ಮಾಡಿ, ಪುಟ್ಟದಕ್ಕೆ ಬೂಟ್ ಗುರುತು ಹಾಕಿದೆ. ಸಿ ಪಾರ್ಟಿಷನ್ 150 ಜಿಬಿಯದು, ಎಸ್‌ಎಸ್‌ಡಿಯಲ್ಲಿ ಉಳಿದ ಜಾಗಕ್ಕೂ ಅದನ್ನು ಹಿಗ್ಗಿಸಿದೆ. ಡಿ, ಇ ಡ್ರೈವುಗಳು ಇದ್ದಲ್ಲೇ ಇದ್ದವು.

ಇಷ್ಟಕ್ಕೇ ಅದು ಬೂಟ್ ಆಗುವುದಿಲ್ಲ. ವಿಂಡೋಸಿನ ಬೂಟ್ ಪಟ್ಟಿ ಡಿಸ್ಕನ್ನು ಗುರುತಿಸುವುದು ಅದರ ಸಿಗ್ನೇಚರ್ ಎಂಬ ಸಂಖ್ಯೆಯಿಂದ, ಹೊಸ ಡಿಸ್ಕಿಗೆ ಆ ಸಂಖ್ಯೆ ಬೇರೆ. ಹಾಗಾಗಿ ಹಾರ್ಡ್‌ಡಿಸ್ಕಿನ ಕೇಬಲ್ ಕಳಚಿ, ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಎಬ್ಬಿಸಿದೆ. ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ (ಬಯೋಸಿನ ಹೊಸ ರೀತಿ) ಎಂದು ಬರೆಯದಿರುವುದನ್ನು ಆರಿಸಬೇಕು. ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಅಲ್ಲಿ ಡ್ರೈವಿನ ಅಕ್ಷರಗಳು ಅದಲುಬದಲಾಗಿರುವುದು ಸಾಮಾನ್ಯ. ಡಿಸ್ಕ್‌ಪಾರ್ಟ್ ಕಮಾಂಡಿನಲ್ಲಿ ಪಟ್ಟಿ ನೋಡಿ ಯಾವುದು ಯಾವುದೆಂದು ಖಚಿತ ಮಾಡಿಕೊಂಡು, ಬಿಸಿಡಿಬೂಟ್ ಕಮಾಂಡಿನಿಂದ ಬೂಟ್ ಫೈಲುಗಳನ್ನು ಪುಟ್ಟ ಪಾರ್ಟಿಷನ್ನಿಗೆ ಹೊಸದಾಗಿ ಬರೆಸಿದೆ, ಬೂಟ್‌ಸೆಕ್ಟ್ ಕಮಾಂಡಿನಿಂದ ಡಿಸ್ಕಿನ ಮೊದಲ ಸೆಕ್ಟರನ್ನು.

ಕೇಬಲ್ ಕಳಚಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಸಿ ಅಂದರೆ ಯಾವ ಡಿಸ್ಕು ಎಂಬುದನ್ನು ವಿಂಡೋಸ್ ತನ್ನ ಸೆಟ್ಟಿಂಗುಗಳ ದಾಖಲೆಯಾದ ರಿಜಿಸ್ಟ್ರಿಯಲ್ಲೂ ಬರೆದುಕೊಂಡಿರುತ್ತದೆ. ಹಳೇ ಡಿಸ್ಕು ಪಕ್ಕದಲ್ಲೇ ಇದ್ದರೆ, ಎಸ್‌ಎಸ್‌ಡಿಯಿಂದ ಎದ್ದ ವಿಂಡೋಸ್ ಹಳೇ ಸಿ ಡ್ರೈವಿನ ಕಡೆಗೇ ಕೈ ಚಾಚಬಹುದು. ನೋಡುವುದಕ್ಕೆ ಎಲ್ಲ ಸರಿಯಾಗಿರುವಂತೆ ಕಂಡು, ಕೆಲಸ ಮಾತ್ರ ಹಳೇ ಡಿಸ್ಕಿನಲ್ಲೇ ನಡೆಯುವ ಗೊಂದಲ ಅದು. ಎಸ್‌ಎಸ್‌ಡಿ ಒಂದೇ ಇಟ್ಟುಕೊಂಡು ಎದ್ದು, ಆಫ್ ಮಾಡಿ, ಆಮೇಲೆ ಹಾರ್ಡ್‌ಡಿಸ್ಕ್ ಜೋಡಿಸಿ, ಬಯೋಸಿನಲ್ಲಿ ಎಸ್‌ಎಸ್‌ಡಿಯನ್ನು ಮುಂದಕ್ಕೆ ತಂದೆ. ಡಿ, ಇ ತಮ್ಮ ಅಕ್ಷರ ಉಳಿಸಿಕೊಂಡವು. ಹಳೇ ಸಿ ಬೇರೊಂದು ಅಕ್ಷರ ತೊಟ್ಟು ಬಂತು. ವಿಂಡೋಸಿನ ಆಕ್ಟಿವೇಶನ್ (ಲೈಸೆನ್ಸಿನ ಖಾತ್ರಿ) ಹೋಗಲಿಲ್ಲ, ಅದು ಮುಖ್ಯವಾಗಿ ನೋಡುವುದು ಮದರ್‌ಬೋರ್ಡನ್ನು. ಡಿಸ್ಕಿನ ಸೀರಿಯಲ್ ನಂಬರಿಗೆ ಬೀಗ ಹಾಕಿಕೊಂಡ ಸಾಫ್ಟ್‌ವೇರ್ ಇದ್ದರೆ ಮಾತ್ರ ಮಾರಿದವರನ್ನು ಮೊದಲೇ ಕೇಳಿಕೊಳ್ಳಿ.

ಈಗ ಊದಿನಕಡ್ಡಿ ಹಚ್ಚುವಷ್ಟರಲ್ಲಿ ಪೇಜ್‌ಮೇಕರ್ ತೆರೆದಿರುತ್ತದೆ. ಹಳೇ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕು, ಜಿಎಸ್‌ಟಿ ಕೆಲಸವನ್ನು ಇದರಲ್ಲಿ ಮಾಡುವುದಿಲ್ಲ. ಪುಟ ಕಟ್ಟುವುದಕ್ಕೆ ಧಾರಾಳ ಸಾಕು.

ಹಾರ್ಡ್‌ಡಿಸ್ಕ್ ಕೆಡುವ ಮುಂಚೆ ಎಷ್ಟೋ ಸಲ ಕಟಕಟ ಎಂದು ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿಗೆ ಆ ದಾಕ್ಷಿಣ್ಯವಿಲ್ಲ, ಒಂದು ದಿನ ಬಯೋಸಿನಲ್ಲೇ ಕಾಣದೆ ಹೋಗಬಹುದು. ಅದಕ್ಕೇ ಹೊಸ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆ ಎಂದು ನಂಬಿಕೆ ಬಂದ ಮೇಲೆ ಹಳೇ ಸಿ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಿ, ಅಲ್ಲಿಗೆ ಕ್ಲೋನ್‌ಜಿಲ್ಲಾ ಎಂಬ ನಕಲು ಸಾಧನದಿಂದ ಎಸ್‌ಎಸ್‌ಡಿಯ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು) ತೆಗೆದಿಡುತ್ತಿದ್ದೇನೆ. ಶನಿವಾರ ಅಂಗಡಿ ಮುಚ್ಚುವ ಮುಂಚೆ ಹಚ್ಚಿದರೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಆಗಿರುತ್ತದೆ.