ಸುನೌಲಿ ಗಡಿ ದಾಟಿ ಲುಂಬಿನಿ: ಯಾತ್ರೆ ಬಸ್ಸಿನ ಒಂದು ದಿನವನ್ನು ಚೆನ್ನಾಗಿ ಬಳಸಿಕೊಳ್ಳುವ ಬಗೆ

ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಕಾಶಿಗೆ ಹೊರಡುವ ಯಾತ್ರಾ ತಂಡಗಳಲ್ಲಿ ಕೆಲವು ನೇಪಾಳವನ್ನೂ ಸೇರಿಸಿಕೊಳ್ಳುತ್ತವೆ. ಉತ್ತರ ಪ್ರದೇಶದ ಸುನೌಲಿಯಲ್ಲಿ ಗಡಿ ದಾಟಿ, ಅದೇ ದಿನ ಲುಂಬಿನಿಯನ್ನು ನೋಡಿ, ಮರುದಿನ ಪೋಖರಾದ ದಾರಿ ಹಿಡಿಯುವ ಏರ್ಪಾಡನ್ನು ಇಲ್ಲಿ ಗಮನದಲ್ಲಿಟ್ಟುಕೊಳ್ಳಲಾಗಿದೆ. ಗಡಿಯಿಂದ ಲುಂಬಿನಿಗೆ ಸುಮಾರು 25 ಕಿಲೋಮೀಟರ್ ಮಾತ್ರ. ಆದರೂ ಗಡಿಯಲ್ಲಿ ಹೊತ್ತು ಕಳೆದುಹೋಗಿ, ಬುದ್ಧ ಹುಟ್ಟಿದ ನೆಲವನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸುವ ತಂಡಗಳಿವೆ, ಹಾಗಾಗಬಾರದು.

ಮೊದಲು ಕಾಗದಪತ್ರ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ, ಆದರೆ ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯ ಮೂಲಪ್ರತಿ ಇರಬೇಕು. ಆಧಾರ್ ಒಂದೇ ಸಾಕಾಗುವುದು 65 ದಾಟಿದ ಹಿರಿಯರಿಗೆ ಮತ್ತು 15 ತುಂಬದ ಮಕ್ಕಳಿಗೆ. ನಮ್ಮಲ್ಲಿ ಎಲ್ಲ ಕೆಲಸಕ್ಕೂ ಆಧಾರ್ ನಡೆಯುವುದರಿಂದ ಮಧ್ಯವಯಸ್ಸಿನವರೇ ಮತದಾರರ ಚೀಟಿಯನ್ನು ಮನೆಯಲ್ಲಿ ಬಿಟ್ಟು ಬರುವ ಸಂಭವ ಹೆಚ್ಚು. ಬಸ್ಸು ಊರು ಬಿಡುವ ಮುನ್ನವೇ ಪ್ರತಿಯೊಬ್ಬರ ಚೀಟಿಯನ್ನೂ ಕಣ್ಣಾರೆ ನೋಡಿಕೊಳ್ಳುವುದು ತಂಡದ ಮುಖ್ಯಸ್ಥರ ಹೊಣೆ.

ಗಡಿಗೆ ಬೆಳಗ್ಗೆ ಬೇಗ ತಲುಪುವಂತೆ ಹೊರಡಿ. ಭಾರತದ ಬಸ್ಸು ನೇಪಾಳದೊಳಗೆ ಓಡಬೇಕಾದರೆ ಅಲ್ಲಿನ ಸುಂಕದ ಕಚೇರಿಯಲ್ಲಿ, ಅಲ್ಲಿಯವರು ‘ಭನ್ಸಾರ್’ ಎನ್ನುವ ಕಡೆ, ದಿನದ ಲೆಕ್ಕದಲ್ಲಿ ಹಣ ಕಟ್ಟಿ ಅನುಮತಿ ಪಡೆಯಬೇಕು. ಆ ಕೆಲಸ ಚಾಲಕರದು ಮತ್ತು ವ್ಯವಸ್ಥಾಪಕರದು. ಉಳಿದವರು ಆ ಹೊತ್ತಿನಲ್ಲಿ ತಿಂಡಿ ಮತ್ತು ಶೌಚ ಮುಗಿಸಿಕೊಂಡರೆ ಮುಂದೆ ಬಸ್ಸನ್ನು ನಿಲ್ಲಿಸಬೇಕಾಗುವುದಿಲ್ಲ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ. ಆದ್ದರಿಂದ ಬಸ್ಸಿಗೆ ಮರಳುವ ಸಮಯ ಹೇಳುವಾಗ ಯಾವ ದೇಶದ ಸಮಯವೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ಹಣದ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ, ಈ ದರ 1993ರಿಂದ ಬದಲಾಗಿಲ್ಲ. ಅಂಗಡಿಯಲ್ಲಿ ಬೆಲೆ ಕೇಳಿದಾಗ ಅದು ‘ಐಸಿ’ಯೋ ‘ಎನ್‌ಸಿ’ಯೋ, ಅಂದರೆ ಭಾರತದ ರೂಪಾಯಿಯೋ ನೇಪಾಳದ್ದೋ ಎಂದು ವಿಚಾರಿಸಿಯೇ ಕೊಡಿ. ನೂರರ ನೋಟುಗಳನ್ನು ಹೆಚ್ಚಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಲುಂಬಿನಿಯಲ್ಲಿ ನೇರವಾಗಿ ಮಾಯಾದೇವಿ ಮಂದಿರಕ್ಕೆ ಹೋಗಿ, ಉಳಿದುದನ್ನೆಲ್ಲ ಆಮೇಲೆ ನೋಡಿ. ಟಿಕೆಟ್ ಪಡೆದು, ಪಾದರಕ್ಷೆ ಬಿಟ್ಟು ಒಳಗೆ ಹೋಗಬೇಕು. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಬಿಸಿಲಿನಲ್ಲಿ ನೆಲ ಕಾಯುವುದರಿಂದ ಹಿರಿಯರಿಗೆ ಕಾಲುಚೀಲ ಹಾಕಿಸಿ. ಬುದ್ಧ ಜನಿಸಿದ ಸ್ಥಳವೆಂದು ಗುರುತಿಸುವ ಕಲ್ಲು ಮಂದಿರದ ಒಳಗಿದೆ. ಹೊರಗೆ, ಮಗ್ಗುಲಲ್ಲೇ, ಅಶೋಕನ ಕಂಬವಿದೆ. ನನ್ನ ಅಭಿಪ್ರಾಯದಲ್ಲಿ ಇಡೀ ದಿನದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ. ಪಟ್ಟಾಭಿಷೇಕವಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ರಾಜನು ತಾನೇ ಇಲ್ಲಿಗೆ ಬಂದು ಪೂಜಿಸಿದನೆಂದೂ, ಶಾಕ್ಯಮುನಿ ಬುದ್ಧ ಇಲ್ಲಿ ಹುಟ್ಟಿದ ಕಾರಣಕ್ಕೆ ಊರಿನ ತೆರಿಗೆಯನ್ನು ಕಡಿಮೆ ಮಾಡಿದನೆಂದೂ ಅದರ ಬ್ರಾಹ್ಮೀ ಬರಹ ಹೇಳುತ್ತದೆ. ಆ ಬರಹದಲ್ಲಿ ರಾಜನ ಹೆಸರು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಷ್ಟೇ ಇದೆ; ಆ ಬಿರುದಿನ ಅರಸ ಅಶೋಕನೇ ಎಂಬುದನ್ನು ದೃಢಪಡಿಸಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ. ಬಸ್ಸಿನಲ್ಲಿ ಮಕ್ಕಳಿದ್ದರೆ ಇದನ್ನು ದಾರಿಯಲ್ಲೇ ಹೇಳಿಟ್ಟಿರಿ, ಕಂಬದ ಮುಂದೆ ಅವರು ತಾವಾಗಿಯೇ ಅಕ್ಷರಗಳನ್ನು ಹುಡುಕುತ್ತಾರೆ.

ನಾನಾ ದೇಶಗಳ ವಿಹಾರಗಳು ಕಾಲುವೆಯ ಎರಡೂ ಬದಿಗೆ ಹರಡಿಕೊಂಡಿವೆ. ಎಲ್ಲವನ್ನೂ ನೋಡುವ ಹಟ ಬೇಡ. ವಿದ್ಯುತ್ ರಿಕ್ಷಾ ಹಿಡಿದು, ದರವನ್ನು ಹತ್ತುವ ಮೊದಲೇ ಮಾತಾಡಿಕೊಂಡು, ಪೂರ್ವದಲ್ಲಿ ಮ್ಯಾನ್ಮಾರಿನದು, ಪಶ್ಚಿಮದಲ್ಲಿ ಚೀನಾದ್ದು ಹೀಗೆ ಎರಡು ಮೂರನ್ನು ಆರಿಸಿಕೊಂಡರೆ ಸಾಕು. ನಡೆಯಲಾಗದವರು ಮಂದಿರದ ಪಕ್ಕದ ಪುಷ್ಕರಿಣಿಯ ಹತ್ತಿರ ಕುಳಿತಿರಲಿ, ಅವರ ಜೊತೆ ಒಬ್ಬರಾದರೂ ಇರಲಿ. ನಮ್ಮ ಸಿಮ್ ರೋಮಿಂಗ್ ಇಲ್ಲದೆ ಅಲ್ಲಿ ಕೆಲಸ ಮಾಡದು. ಬಸ್ಸಿನ ಸಂಖ್ಯೆಯನ್ನೂ ತಂಗುವ ಜಾಗದ ಹೆಸರನ್ನೂ ಎಲ್ಲರ ಜೇಬಿನಲ್ಲಿ ಚೀಟಿಯಲ್ಲಿ ಬರೆದಿಡಿ.

ಮರುದಿನ ಪೋಖರಾಕ್ಕೆ ಹೋಗುವ ದಾರಿ ತಿರುವುಗಳಿಂದ ತುಂಬಿದ ಬೆಟ್ಟದ ದಾರಿ. ಹಾಗಾಗಿ ಅಂದಿನ ರಾತ್ರಿ ಅಡುಗೆಯವರಿಗೆ ಅನ್ನ, ತಿಳಿಸಾರು, ಮಜ್ಜಿಗೆಯಷ್ಟೇ ಮಾಡಲು ಹೇಳಿ, ವಾಂತಿಯಾಗುವವರಿಗೆ ಮುಂದಿನ ಸೀಟುಗಳನ್ನು ಮಲಗುವ ಮುನ್ನವೇ ಗೊತ್ತುಮಾಡಿಡಿ.