ಅತ್ತೆಯವರ ಜೊತೆ ಚಂದ್ರಂಪಳ್ಳಿಯ ದಂಡೆಯಲ್ಲಿ

"ಅಲ್ಲಿ ಕಾಲಿಡಬ್ಯಾಡ್ರೀ ಯಕ್ಕಾ!" ಅಂತ ಎಮ್ಮೆ ಕಾಯುವ ಹುಡುಗ ಕೂಗಿದ. ಅಷ್ಟರಲ್ಲಿ ನನ್ನ ಬಲಗಾಲು ಮೊಣಕಾಲಿನ ತನಕ ಇಳಿದಾಗಿತ್ತು. ಮೇಲೆ ನೋಡಿದರೆ ಬಿರುಕು ಬಿಟ್ಟ ಒಣ ಎರೆಮಣ್ಣು. ಕೆಳಗೆ ಬೆಣ್ಣೆಯಂಥ ರಾಡಿ.

ಅದು ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯಕ್ಕೆ ನಾವು ಮೊದಲ ಸಲ ಹೋದ ದಿನ. ಗಾಬರಿಯಲ್ಲಿ ಎಡಗಾಲು ಊರಿ ಬಲಗಾಲು ಎಳೆಯಲು ಹೋದೆ. ಎಡಗಾಲೂ ಇಳಿಯಿತು. ಹುಡುಗ ತನ್ನ ಬಡಿಗೆಯನ್ನು ನೆಲದ ಮೇಲೆ ಅಡ್ಡ ಒಗೆದ. "ಎಳೀಬ್ಯಾಡ್ರಿ, ಕುಂದರ್ರಿ. ಹಿಂದಕ್ಕ ಕುಂದರ್ರಿ" ಅಂದ. ಕುಳಿತೆ. ಬಡಿಗೆಯ ಮೇಲೆ ಕೈಯೂರಿ, ಪಾದವನ್ನು ಆ ಕಡೆ ಈ ಕಡೆ ನಿಧಾನಕ್ಕೆ ಅಲ್ಲಾಡಿಸಿದೆ. ಸಂದಿಯಲ್ಲಿ ಗಾಳಿ ಹೋಗಿ 'ಪಚಕ್' ಅಂತ ಕಾಲು ಬಂತು. ಚಪ್ಪಲಿ ಬರಲಿಲ್ಲ.

ಬೇಸಿಗೆಯಲ್ಲಿ ಹೀಗೆ ಆಗುವುದಕ್ಕೆ ಕಾರಣ ಇದೆ. ಗುಡ್ಡಗಳ ನಡುವೆ ಹರಿಯುವ ಹಳ್ಳಕ್ಕೆ ಒಡ್ಡು ಹಾಕಿ ನಿಲ್ಲಿಸಿದ ನೀರು ಅದು. ಮಳೆಗಾಲದಲ್ಲಿ ಬಂದ ಹೂಳು ಅಂಚಿನಲ್ಲಿ ಕೂರುತ್ತದೆ. ಫೆಬ್ರುವರಿ ದಾಟಿದ ಮೇಲೆ ನೀರು ಹಿಂದೆ ಸರಿಯುತ್ತದೆ, ಹೂಳು ಬಯಲಾಗುತ್ತದೆ. ಬಿಸಿಲಿಗೆ ಮೇಲಿನ ಪದರ ಬೇಗ ಒಣಗುತ್ತದೆ, ಒಳಗಿನದು ಒಣಗುವುದಿಲ್ಲ. ಈಗ ನಾನು ನೆಲ ನೋಡಿಯೇ ಕಾಲಿಡುತ್ತೇನೆ. ಕಲ್ಲು, ಗರಸು ಇರುವ ಕಡೆ ಮಾತ್ರ ನಡೆಯುತ್ತೇನೆ. ಎಮ್ಮೆಯ ಹೆಜ್ಜೆ ಆಳಕ್ಕೆ ಹೋಗಿ ಒಳಗೆ ಕಪ್ಪಗೆ ಹಸಿ ಕಂಡರೆ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಅವತ್ತು ಮನೆಯವರು "ಇನ್ನ ಸಾಕು ಈ ಕಡೆ ಬರೋದು" ಅಂದುಬಿಟ್ಟರು. ಮತ್ತೆ ಹೋಗುವಂತೆ ಮಾಡಿದ್ದು ಅತ್ತೆಯವರ ಒಂದು ಮಾತು. ಅವರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಅಂದು ಬಿಸಿಲಿಗೆ ಹೆದರಿ ಕಾರಿನಲ್ಲೇ ಕುಳಿತಿದ್ದರು. ರಾತ್ರಿ ಊಟಕ್ಕೆ ಕುಳಿತಾಗ ಸುಮ್ನೆ ಅಂದರು, "ಇಷ್ಟ್ ದೂರ ಹೋಗಿ ನೀರ ಕಣ್ಣಿಲೆ ನೋಡ್ಲಿಲ್ಲ ನಾ."

ನನಗೆ ತುತ್ತು ಇಳಿಯಲಿಲ್ಲ. ನಮ್ಮ ಕಲಬುರಗಿಯಲ್ಲಿ ವಯಸ್ಸಾದ ಹೆಂಗಸರು ಹೊರಗೆ ಹೋಗುವುದು ಅಂದರೆ ಗುಡಿ, ಆಸ್ಪತ್ರೆ, ಮದುವೆ ಮನೆ. ಸುಮ್ಮನೆ ಒಂದು ದಿನ ನೀರಿನ ಮುಂದೆ ಕೂರಬೇಕು ಅಂತ ಅವರಿಗೂ ಅನಿಸುತ್ತದೆ ಅಲ್ವಾ? ಡಿಸೆಂಬರ್‌ನಲ್ಲಿ ಅವರನ್ನೇ ಮುಂದಿಟ್ಟುಕೊಂಡು ಎಲ್ಲ ತಯಾರಿ ಮಾಡಿದೆ. ಆಮೇಲೆ ಪ್ರತಿ ಚಳಿಗಾಲ ಹೋಗುತ್ತಿದ್ದೇವೆ. ಓಣಿಯ ಇನ್ನಿಬ್ಬರು ಅಜ್ಜಿಯರೂ ಈಗ ಜೊತೆಗೆ ಬರುತ್ತಾರೆ.

ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 85 ಕಿ.ಮೀ. ಅಲ್ಲಿಂದ ಮುಂದೆ ಕಾಡಿನ ಕಡೆ ಹೋಗಬೇಕು. ಬಸ್ಸು ಚಿಂಚೋಳಿ ತನಕ ಬೇಕಾದಷ್ಟಿವೆ. ಆದರೆ ವಯಸ್ಸಾದವರಿದ್ದರೆ ಸ್ವಂತ ಗಾಡಿ ಅಥವಾ ಬಾಡಿಗೆ ಗಾಡಿಯೇ ಒಳ್ಳೆಯದು. ನಾವು ಬೆಳಗ್ಗೆ ಐದಕ್ಕೆ ಹೊರಡುತ್ತೇವೆ. ದಾರಿಯ ಎರಡೂ ಕಡೆ ತೊಗರಿ ಹೊಲ. ಚಿಂಚೋಳಿ ದಾಟಿದ ಮೇಲೆ ಬಯಲು ಮುಗಿದು ಗುಡ್ಡ ಶುರುವಾಗುತ್ತದೆ, ಮಣ್ಣು ಕೆಂಪಗಾಗುತ್ತದೆ. ಅತ್ತೆಯವರು ಗಾಜು ಇಳಿಸಿ ಮೂಗು ಹೊರಗೆ ಹಾಕುವುದು ಅಲ್ಲಿಂದ.

ಇದು ವನ್ಯಜೀವಿ ಧಾಮ. 2011ರಲ್ಲಿ ಘೋಷಣೆಯಾದ ಚಿಂಚೋಳಿ ಧಾಮದ ವಿಸ್ತೀರ್ಣ ಸುಮಾರು 134 ಚದರ ಕಿ.ಮೀ. ತೇಗ, ಶ್ರೀಗಂಧ, ರಕ್ತಚಂದನ ಬೆಳೆಯುವ ಒಣ ಕಾಡು. ತೋಳ, ನರಿ, ಕತ್ತೆಕಿರುಬ ಇವೆ. ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ, ಅನುಮತಿ ತೆಗೆದುಕೊಂಡೇ ಹೋಗಬೇಕು. ಒಂದು ಸಲ ದಾರಿ ಮಗ್ಗುಲಲ್ಲಿ ಸುಣ್ಣದ ಉಂಡೆಯಂಥದ್ದು ಬಿದ್ದಿತ್ತು. ನನ್ನ ಮಗ ಎತ್ತಲು ಹೋದ. ಜೊತೆಗಿದ್ದ ಕಾವಲುಗಾರರು ತಡೆದು, ಅದು ಕತ್ತೆಕಿರುಬದ ಲದ್ದಿ ಅಂದರು. ಅದು ಎಲುಬನ್ನೂ ಕಡಿದು ತಿನ್ನುವುದರಿಂದ ಲದ್ದಿ ಒಣಗಿದ ಮೇಲೆ ಹಾಗೆ ಬೆಳ್ಳಗಾಗುತ್ತದಂತೆ. ಅವತ್ತಿಂದ ಹುಡುಗ ಕಾಡಿನ ದಾರಿಯಲ್ಲಿ ತಲೆ ಬಗ್ಗಿಸಿಯೇ ನಡೆಯುತ್ತಾನೆ, ಮೊಬೈಲ್ ಕೇಳುವುದಿಲ್ಲ.

ಒಲೆ ಹಚ್ಚುವ ಮಾತೇ ಇಲ್ಲ. ಧಾಮದೊಳಗೆ ಬೆಂಕಿ ಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಒಣ ಹುಲ್ಲು ಒಮ್ಮೆ ಹೊತ್ತಿದರೆ ಗುಡ್ಡ ಗುಡ್ಡವೇ ಸುಡುತ್ತದೆ. ನಮ್ಮ ಬುತ್ತಿಗೆ ಬೆಂಕಿಯ ಅಗತ್ಯವೂ ಇಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಕಡಕ್ ರೊಟ್ಟಿ ಕೆಡುವುದಿಲ್ಲ, ತಣ್ಣಗಿದ್ದರೂ ರುಚಿ ಕಡಿಮೆಯಾಗುವುದಿಲ್ಲ. ಅತ್ತೆಯವರು ಹಿಂದಿನ ದಿನವೇ ಬಡಿದು ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ನೀರು ತಲೆಗೆ ಎರಡು ಲೀಟರ್, ಮಕ್ಕಳಿಗೂ ಅಷ್ಟೇ.

ನೀರಿನ ಮಾತು ಬಂತು, ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಆ ಡಿಸೆಂಬರ್‌ನಲ್ಲಿ ಅತ್ತೆಯವರು ಬೆಳಗ್ಗೆಯಿಂದ ಒಂದು ಗುಟುಕೂ ನೀರು ಕುಡಿದಿರಲಿಲ್ಲ. ಕೇಳಿದರೆ "ಬ್ಯಾಡವ್ವ, ನೀರಡಿಕಿ ಇಲ್ಲ" ಅನ್ನುತ್ತಿದ್ದರು. ಹತ್ತು ಗಂಟೆಗೆ ತಲೆ ಸುತ್ತಿ ಬಂತು. ಆಗ ಗೊತ್ತಾಯಿತು, ಅವರಿಗೆ ಬಯಲಿಗೆ ಹೋಗುವ ಚಿಂತೆ. ನೀರು ಕುಡಿದರೆ ಎಲ್ಲಿಗೆ ಹೋಗಲಿ ಅಂತ ಬಾಯಿ ಕಟ್ಟಿಕೊಂಡಿದ್ದರು. ನನಗೆ ಮೊದಲೇ ಹೊಳೆಯಬೇಕಿತ್ತು. ಈಗ ಚಿಂಚೋಳಿ ಬಸ್ ನಿಲ್ದಾಣದ ಶೌಚಾಲಯದ ಹತ್ತಿರ ಗಾಡಿ ನಿಲ್ಲಿಸಿಯೇ ಮುಂದೆ ಹೋಗುತ್ತೇವೆ. ಡಿಕ್ಕಿಯಲ್ಲಿ ಒಂದು ಹಳೆ ಸೀರೆ, ನಾಲ್ಕು ಕೋಲು, ಒಂದು ಸಣ್ಣ ಸಲಿಕೆ ಇರುತ್ತವೆ. ನೀರಿನಿಂದ ದೂರ, ಗಾಡಿಯ ಮರೆಯಲ್ಲಿ ಸೀರೆ ಕಟ್ಟಿ ಆಮೇಲೆ ಮಣ್ಣು ಮುಚ್ಚುತ್ತೇವೆ. ಅಷ್ಟು ಮಾಡಿದ ಮೇಲೆ ಮೂವರು ಅಜ್ಜಿಯರೂ ಕೇಳಿ ಕೇಳಿ ನೀರು ಕುಡಿಯುತ್ತಾರೆ. ಇದೊಂದನ್ನು ಸರಿ ಮಾಡದೆ ಹೆಣ್ಣುಮಕ್ಕಳನ್ನು, ಅದರಲ್ಲೂ ವಯಸ್ಸಾದವರನ್ನು ದಯವಿಟ್ಟು ಕರೆದುಕೊಂಡು ಹೋಗಬೇಡಿ.

ಎರಡನೆಯದು ಕುರ್ಚಿ. ಮೊಣಕಾಲು ನೋವಿದ್ದವರಿಗೆ ಚಾಪೆಯ ಮೇಲೆ ಕೂರುವುದು ಕಷ್ಟ, ಏಳುವುದು ಇನ್ನೂ ಕಷ್ಟ. ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಒಯ್ಯುತ್ತೇವೆ. ಮೆತ್ತನೆ ಮಣ್ಣಲ್ಲಿ ಕಾಲು ಹೂತು ವಾಲದಂತೆ ಕೆಳಗೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತೇವೆ. ಕುರ್ಚಿ ಇಡುವುದು ಗರಸು ನೆಲದಲ್ಲಿ, ನೀರಿನಿಂದ ಇಪ್ಪತ್ತು ಹೆಜ್ಜೆ ಹಿಂದೆ, ಬೆನ್ನಿಗೆ ಬಿಸಿಲು ಬರುವಂತೆ. ಬೆಳಗ್ಗೆ ಅಲ್ಲಿ ಚಳಿ ಜಾಸ್ತಿ. ಗುಡ್ಡದ ನೆರಳು ತಗ್ಗಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಶಾಲು ಬೇಕೇ ಬೇಕು.

ನೀರಿಗೆ ಯಾರೂ ಇಳಿಯುವಂತಿಲ್ಲ. ಇದು ನಮ್ಮ ಗುಂಪಿನ ಕಟ್ಟುನಿಟ್ಟು. ಈಜು ಬರುತ್ತದೆ ಅನ್ನುವವರಿಗೂ ಅದೇ ಮಾತು. ಕೆರೆಯ ತಳ ತಟ್ಟೆಯ ಹಾಗೆ ಇರುವುದಿಲ್ಲ. ಮೊದಲು ಹರಿಯುತ್ತಿದ್ದ ಹಳ್ಳದ ಪಾತ್ರ ನೀರಿನ ಕೆಳಗೆ ಹಾಗೇ ಇರುತ್ತದೆ. ಸೊಂಟದ ಮಟ್ಟದ ನೀರಲ್ಲಿ ನಾಲ್ಕು ಹೆಜ್ಜೆ ಹೋದರೆ ಐದನೆಯದಕ್ಕೆ ನೆಲವೇ ಇರುವುದಿಲ್ಲ. ಮುಳುಗಿದ ಮರದ ಬೊಡ್ಡೆಗಳು ಬೇರೆ. ಮಕ್ಕಳು ಹಟ ಮಾಡುತ್ತಾರೆ. ಅವರಿಗೆ ದಂಡೆಯುದ್ದಕ್ಕೂ ನಡೆಯುವ ಕೆಲಸ ಕೊಡುತ್ತೇನೆ. ಹೆಜ್ಜೆ ಗುರುತು ಹುಡುಕಿ, ಅಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಹತ್ತೂವರೆಗೆ ನಡಿಗೆ ಮುಗಿಸಿ ನೆರಳಿಗೆ ಬರುತ್ತೇವೆ.

ಬೇರೆ ನೀರುಗಳನ್ನೂ ನೋಡಿದ್ದೇವೆ. ಮುಲ್ಲಾಮಾರಿಯ ನಾಗರಾಳ ಜಲಾಶಯ ದೊಡ್ಡದು, ಆದರೆ ಕಾಡಿನ ಮೌನ ಅಲ್ಲಿಲ್ಲ. ಹಕ್ಕಿಗಳಿಗಾದರೆ ಸುರಪುರದ ಹತ್ತಿರದ ಬೋನಾಳ ಕೆರೆ. ನಡೆಯಲು ಆಗದವರಿಗೆ ಬೀದರಿನ ಪಾಪನಾಶ ಸುಲಭ, ಶಿವರಾತ್ರಿ ಜಾತ್ರೆಯ ದಿನ ಬಿಟ್ಟು. ಅತ್ತೆಯವರ ಮನಸ್ಸು ಮಾತ್ರ ಚಂದ್ರಂಪಳ್ಳಿಯಲ್ಲೇ ಇದೆ.

ಅದಕ್ಕೆ ಕಾರಣ ಕಪ್ಪು ಬಿಳಿ ಬಣ್ಣದ ಒಂದು ಮಿಂಚುಳ್ಳಿ. ಆ ಡಿಸೆಂಬರ್‌ನಲ್ಲಿ, ತಲೆಸುತ್ತು ಇಳಿದು ಸಕ್ಕರೆ ಉಪ್ಪಿನ ನೀರು ಕುಡಿದು ಅವರು ಕುರ್ಚಿಯಲ್ಲಿ ಕುಳಿತಿದ್ದರು. ಹಕ್ಕಿ ನೀರಿನ ಮೇಲೆ ಬಂದು ಒಂದೇ ಜಾಗದಲ್ಲಿ ನಿಂತಿತು. ಕೊಕ್ಕು ನೆಟ್ಟಗೆ ಕೆಳಗೆ, ರೆಕ್ಕೆ ಮಾತ್ರ ಪಟಪಟ ಬಡಿಯುತ್ತಿತ್ತು. ಕಲ್ಲು ಬಿದ್ದ ಹಾಗೆ ಬಿತ್ತು. ಖಾಲಿ ಬಾಯಲ್ಲಿ ಎದ್ದಿತು. ಮತ್ತೆ ನಿಂತಿತು. ನಾವೆಲ್ಲ ದಂಡೆ ಸುತ್ತಲು ಹೋದೆವು. ಒಂದು ತಾಸು ಬಿಟ್ಟು ಬಂದರೆ ಅತ್ತೆಯವರು ಅಲ್ಲೇ, ಹಾಗೇ ಕುಳಿತಿದ್ದರು. ಶಾಲು ಹೆಗಲಿಂದ ಜಾರಿ ಬಿದ್ದದ್ದೂ ಗೊತ್ತಿರಲಿಲ್ಲ.

"ಹನ್ನೊಂದು ಸಲ ಬಿತ್ತು" ಅಂದರು, ಬೆರಳು ಎಣಿಸುತ್ತ. "ಮೂರು ಸಲ ಮೀನ ಸಿಕ್ತು. ಒಂದು ದೊಡ್ಡದಿತ್ತು ನೋಡು, ಆ ಬೊಡ್ಡಿ ಮ್ಯಾಲ ಕುಂತು ಬಡದು ಬಡದು ನುಂಗ್ತು." ಅವರು ತೋರಿಸಿದ ಬೊಡ್ಡೆ ನೀರಿನಲ್ಲಿ ಅರ್ಧ ಮುಳುಗಿತ್ತು. ಅದರ ತುದಿಯಲ್ಲಿ ಮೀನಿನ ಒಂದೆರಡು ಪೊರೆ ಬಿಸಿಲಿಗೆ ಹೊಳೆಯುತ್ತಿದ್ದವು.