‘ಜೆಲ್ಲಿ’ ಅಂತ ಬರೆದಿದ್ದರೆ ಯಾವ ದೇಶದ ಅಡುಗೆ ಅಂತ ಮೊದಲು ನೋಡಿ
ಅಮೆರಿಕದವರ ಜೆಲ್ಲಿ ಅಂದರೆ ಸೋಸಿದ ಹಣ್ಣಿನ ರಸಕ್ಕೆ ಸಕ್ಕರೆ, ಪೆಕ್ಟಿನ್ (ಹಣ್ಣಿನಲ್ಲೇ ಇರುವ, ಗಟ್ಟಿಯಾಗಿಸುವ ಅಂಶ) ಹಾಕಿ ಕುದಿಸಿ ಬ್ರೆಡ್ಡಿಗೆ ಸವರುವಂಥದ್ದು. ಬ್ರಿಟನ್ನಿನಲ್ಲಿ ಅದೇ ಹೆಸರಿಗೆ ಸಾಮಾನ್ಯವಾಗಿ ಜೆಲಟಿನ್ ಹಾಕಿ ತಣ್ಣಗೆ ಗಟ್ಟಿಯಾಗಿಸಿದ, ಚಮಚದಲ್ಲಿ ತಿನ್ನುವ ಸಿಹಿ (ಸಸ್ಯಾಹಾರಿಗಳೇ, ಜೆಲಟಿನ್ ಪ್ರಾಣಿಮೂಲದ್ದು). ಬಿಸಿ ಟೋಸ್ಟ್ ಮೇಲೆ ಇದನ್ನು ಹಾಕಿದರೆ 35 ಡಿಗ್ರಿ ಆಸುಪಾಸಿಗೇ ಕರಗಿ ಹರಿದುಹೋಗುತ್ತದೆ. ಇಂಥದ್ದೇ ಗೊಂದಲ ಇನ್ನೊಂದು: ಜರ್ಮನ್ನರ ಆಡುಮಾತಿನಲ್ಲಿ ಮಾರ್ಮಲೇಡ್ (ಜಾಮಿನಂಥದ್ದು) ಯಾವ ಹಣ್ಣಿನದಾದರೂ ಸರಿ. ಇಂಗ್ಲಿಷರಿಗೆ ಕಿತ್ತಳೆ, ನಿಂಬೆ ಜಾತಿಯದೇ ಆಗಬೇಕು.

ಅಮೆರಿಕದ ಜೆಲ್ಲಿ ಸಿಗದಿದ್ದರೆ ಜಾಮನ್ನು ತುಸು ಬಿಸಿ ಮಾಡಿ ಜರಡಿಯಲ್ಲಿ ಸೋಸಿ, ಕೆಲಸ ನಡೆಯುತ್ತದೆ. ಆ ಜೆಲ್ಲಿಯನ್ನು ಮನೆಯಲ್ಲೇ ಕುದಿಸುವುದಾದರೆ 104–105 ಡಿಗ್ರಿ ಬಂದಾಗ ಇಳಿಸಿ. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು, ನಿಮಿಷದ ಮೇಲೆ ಬೆರಳಿನಿಂದ ತಳ್ಳಿದರೆ ಸುಕ್ಕುಗಟ್ಟಬೇಕು. ಸಿಹಿ ಜಾಸ್ತಿಯಾಯ್ತೆಂದು ಸಕ್ಕರೆ ಅರ್ಧಕ್ಕಿಳಿಸಬೇಡಿ, ಸಾಮಾನ್ಯ ಪೆಕ್ಟಿನ್ ಗಟ್ಟಿಯಾಗುವುದಿಲ್ಲ.